ಹನ್ನೆರಡನೇ ಎತ್ತು

ಹೊಳೆಮ್ಮನ ಬಲಗೈಯ ತೋರುಬೆರಳು ವರ್ಷದ ಹನ್ನೆರಡು ತಿಂಗಳೂ ಕೆಂಪಗಿರುತ್ತಿತ್ತು. ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಉಗುರಿನ ಸಂದಿಯ ಕೆಂಪು ಹೋಗುತ್ತಿರಲಿಲ್ಲ. ಕಂಪ್ಲಿ ಸಂತೆಗೆ ಬಂದ ಹೆಂಗಸರು ಅವಳ ಮುಖಕ್ಕಿಂತ ಮೊದಲು ಆ ಬೆರಳು ನೋಡಿ, ಜಾಜಿನ ಹೊಳೆಮ್ಮ ಬಂದಳೆಂದು ಸುತ್ತ ಕೂರುತ್ತಿದ್ದರು. ಜಾಜು ಅಂದರೆ ಸಂಡೂರು ಸಂಸ್ಥಾನದ ಗುಡ್ಡಗಳಲ್ಲಿ ಸಿಗುವ ಕೆಮ್ಮಣ್ಣಿನ ಹೆಂಟೆ. ನೆನೆಸಿ ಒಲೆಗೆ, ಹೊಸ್ತಿಲಿಗೆ, ಗೋಡೆಯ ಬುಡಕ್ಕೆ ಬಳಿದರೆ ಬಡವರ ಮನೆಗೂ ಒಂದು ಕಳೆ ಬರುತ್ತದೆ. ಹೊಳೆಮ್ಮ ವರ್ಷಕ್ಕೆರಡು ಸಲ ಬಂಡಿಯಲ್ಲಿ ಹೋಗಿ ತಂದು, ಬುಟ್ಟಿಯಲ್ಲಿ ಹೊತ್ತು ಕಂಪ್ಲಿ, ಎಮ್ಮಿಗನೂರು, ಒಮ್ಮೊಮ್ಮೆ ಹೊಸಪೇಟೆಯವರೆಗೂ ಮಾರುತ್ತಿದ್ದಳು. ಗಂಡ ತೀರಿದ ಮೇಲೆ ಅದೇ ಅವಳ ಬದುಕು.

ಆದರೆ ಆ ಬೆರಳಿಗೆ ವ್ಯಾಪಾರಕ್ಕಿಂತ ದೊಡ್ಡ ಕೆಲಸವೊಂದಿತ್ತು. ಅದು ಅವಳ ಹಟ್ಟಿಯವರಿಗೆ ಮಾತ್ರ ಗೊತ್ತು.

ಹಟ್ಟಿಯ ಹಿಂದೆ ಬರೀ ಬಂಡೆಗಳ ಗುಡ್ಡ. ಆನೆಯಷ್ಟು, ಮನೆಯಷ್ಟು, ಗುಡಿಯಷ್ಟು ದೊಡ್ಡ ಗುಂಡುಗಳು ಒಂದರ ಮೇಲೊಂದು ಕೂತು, ಈಗ ಉರುಳುತ್ತವೆಯೇನೋ ಅನ್ನುವಂತೆ ನಿಂತಿವೆ. ಅವುಗಳ ನಡುವೆ ಕೊರಕಲು, ಕೊರಕಲಿನ ಕೊನೆಗೆ ಒಂದು ಗವಿ. ಗವಿಯ ಒಳಗೋಡೆಯ ಮೇಲೆ ಕೆಂಪು ಗೆರೆಯ ಹನ್ನೊಂದು ಎತ್ತುಗಳು. ಉದ್ದ ಕೊಂಬು, ಬೆನ್ನ ಮೇಲೆ ಡುಬ್ಬದಂತೆ ಎದ್ದ ಹಿಣಿಲು, ಸಣ್ಣ ಕಾಲು. ಅವುಗಳ ಪಕ್ಕದಲ್ಲಿ ಕೈಯೆತ್ತಿದ ಮನುಷ್ಯರೂ ಇದ್ದರು, ಆದರೆ ಮನುಷ್ಯರನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬರೆದವರು ಯಾರೆಂದು ಕೇಳಿದರೆ ಹಟ್ಟಿಯವರು, ಬರೆದವರು ಯಾರೂ ಇಲ್ಲ, ಅವು ಬಂಡೆಯೊಳಗಿಂದ ಎದ್ದು ಬಂದವು ಅನ್ನುತ್ತಿದ್ದರು.

ಕಾರಹುಣ್ಣಿಮೆಯ ಬೆಳಗ್ಗೆ ಹಟ್ಟಿಯಲ್ಲಿ ಯಾರೂ ತಮ್ಮ ಎತ್ತಿನ ಕೊಂಬಿಗೆ ಬಣ್ಣ ಮುಟ್ಟಿಸುವಂತಿಲ್ಲ. ಹೊಳೆಮ್ಮನ ಮನೆಯ ಹಿರಿಯ ಹೆಂಗಸು ಬರಿಹೊಟ್ಟೆಯಲ್ಲಿ ಗವಿಗೆ ಹೋಗಬೇಕು. ಜಾಲಿಯ ಅಂಟಿನಲ್ಲಿ ಕಲಸಿದ ಜಾಜನ್ನು ಆ ಹನ್ನೊಂದು ಎತ್ತುಗಳ ಗೆರೆಯ ಮೇಲೆ ಬೆರಳಿಂದ ಎಳೆಯಬೇಕು. ಬಟ್ಟಲಲ್ಲಿ ಉಳಿದದ್ದನ್ನು ಕೆಳಗೆ ತಂದ ಮೇಲೆಯೇ ಊರ ಎತ್ತುಗಳಿಗೆ ಬಣ್ಣ. ಈ ಕೆಲಸವನ್ನು ಹೊಳೆಮ್ಮನಿಗೆ ಕಲಿಸಿದವಳು ಅವಳ ಅತ್ತೆ ಉಚ್ಚೆಂಗಮ್ಮ. ಅದೂ ಸೊಸೆ ಬಂದ ಕೂಡಲೇ ಅಲ್ಲ, ಎರಡು ಕೂಸು ಹೆತ್ತು, ಇವಳು ತವರಿಗೆ ಓಡಿಹೋಗುವವಳಲ್ಲ ಎಂದು ಖಾತ್ರಿಯಾದ ಮೇಲೆ. ಗೆರೆಯ ಮೇಲೆ ಬೆರಳು, ಗೆರೆಯ ಹೊರಗೆ ಬೆರಳಿಲ್ಲ. ಹೊರಗೆ ಹೋದರೆ ಎತ್ತಿನ ಮೈಗೆ ಬರೆ ಇಟ್ಟ ಹಾಗೆ. ಕೊಂಬಿನ ತುದಿಯಿಂದ ಹಿಡಿದು, ಹಣೆ, ಹಿಣಿಲು, ಬೆನ್ನು, ಬಾಲ, ನಡುವೆ ಬೆರಳೆತ್ತಬಾರದು. ಗವಿಯ ದಾರಿಯನ್ನು ಪರ ಊರಿನವರಿಗೆ ಹೇಳಬಾರದು. ಅತ್ತೆ ಹೇಳಿದ್ದು ಇಷ್ಟೇ. ಹೊಳೆಮ್ಮ ಮೂವತ್ತು ವರ್ಷ ಅಷ್ಟನ್ನೇ ಪಾಲಿಸಿಕೊಂಡು ಬಂದಿದ್ದಳು.

ಪರ ಊರಿನವರ ಬಗ್ಗೆ ಹಟ್ಟಿಯವರು ಸುಮ್ಮನೆ ಅನುಮಾನ ಪಡುತ್ತಿರಲಿಲ್ಲ. ಹಂಪಿಯ ಸುತ್ತ ನಿಧಿಯಿದೆ ಎಂದು ಅಗೆಯಲು ಬರುವವರು ಆ ಕಾಲಕ್ಕೆ ನೊಣದಂತೆ ಇದ್ದರು. ಕೆಲವು ವರ್ಷಗಳ ಹಿಂದೆ ಕಾವಿ ಉಟ್ಟ ಇಬ್ಬರು ಬಂದು, ಹಟ್ಟಿಯ ಬಸವಣ್ಣನ ಗುಡಿಯಲ್ಲಿ ಮೂರು ದಿನ ಭಜನೆ ಮಾಡಿ, ಮನೆಮನೆಯ ರೊಟ್ಟಿ ಉಂಡು ಹೋಗಿದ್ದರು. ಹೋದ ಮೇಲೆ ನೋಡಿದರೆ ಬಸವಣ್ಣನ ಹೊಟ್ಟೆ ಒಡೆದಿತ್ತು. ಆ ಒಡಕಿಗೆ ಸುಣ್ಣ ಬೆಲ್ಲ ಮೆತ್ತಿ ಪೂಜೆ ಮುಂದುವರಿಸಿದರು. ಆದರೆ ನಂಬಿಕೆಯ ಒಡಕಿಗೆ ಮೆತ್ತಲು ಏನೂ ಸಿಗಲಿಲ್ಲ.

ತುಂಗಭದ್ರೆಗೆ ಅಣೆಕಟ್ಟು ಕಟ್ಟುತ್ತಾರೆಂಬುದು ಇನ್ನೂ ಬರೀ ಮಾತಾಗಿದ್ದ ಆ ವರ್ಷ, ಕಾರಹುಣ್ಣಿಮೆಗೆ ಹದಿನೈದು ದಿನ ಇರುವಾಗ, ಕೊಟ್ರಬಸಪ್ಪ ಎಂಬ ನಕ್ಷೆ ಬರೆಯುವ ಗುಮಾಸ್ತ ಹೊಸಪೇಟೆಯ ರೈಲಿಳಿದು ಬಾಡಿಗೆ ಬಂಡಿಯಲ್ಲಿ ಹಟ್ಟಿಗೆ ಬಂದ. ಮೂವತ್ತೈದರ ಪ್ರಾಯ, ಕೊಟ್ಟೂರು ಕಡೆಯವನು, ಕೊರಳಲ್ಲಿ ಲಿಂಗ, ಕೈಯಲ್ಲಿ ತಗಡಿನ ಪೆಟ್ಟಿಗೆ, ಜೇಬಿನಲ್ಲಿ ಮೊಹರು ಒತ್ತಿದ ಕಾಗದ. ಬಂಡೆಯ ಮೇಲಿನ ಹಳೆಯ ಚಿತ್ರಗಳನ್ನು ಹುಡುಕಿ ಬರೆದುಕೊಂಡು ಬರಲು ಮೇಲಿನ ಇಂಗ್ಲಿಷ್ ದೊರೆ ಕಳಿಸಿದ್ದಾರೆ ಅಂದ. ಹೊಳೆಮ್ಮನ ಮೈದುನ ಭರಮಣ್ಣ ಹಟ್ಟಿಯ ಹಿರಿಯ. ಅವನು ಕಾಗದವನ್ನು ತಲೆಕೆಳಗೆ ಹಿಡಿದು ಬಹಳ ಹೊತ್ತು ನೋಡಿ, ಇಲ್ಲಿ ಅಂಥದ್ದೇನೂ ಇಲ್ಲ ಎಂದು ತಿರುಗಿ ಕೊಟ್ಟ. ಆಮೇಲೆ ಕಟ್ಟೆಯ ಮೇಲಿದ್ದವರ ಕಡೆ ನೋಡಿ ಅಂದ:

"ಗೊಂಬಿ ನೋಡಾಕ ರೈಲು ಹತ್ತಿ ಬಂದಾರಂತ. ನಮ್ಮ ಹುಡುಗ್ರು ಗ್ವಾಡಿ ಮ್ಯಾಲೆ ಇದ್ದಲಿಲೆ ಬರದಾವಲ್ಲ, ತೋರಸ್ರಿ, ಪಾಪ."

ಎಲ್ಲರೂ ನಕ್ಕರು. ಕೊಟ್ರಬಸಪ್ಪನೂ ನಕ್ಕ. ನಕ್ಕು, ಬಸವಣ್ಣನ ಗುಡಿಯ ಮಂಟಪದಲ್ಲೇ ಪೆಟ್ಟಿಗೆ ಇಳಿಸಿದ. ಅದನ್ನು ಕಂಡು ಹಟ್ಟಿಯವರ ನಗು ನಿಂತಿತು.

ಅವನ ಮೇಲೆ ಕಣ್ಣಿಡಲು ಭರಮಣ್ಣ ಅತ್ತಿಗೆಗೆ ಹೇಳಿದ. ಹೊಳೆಮ್ಮ ದಿನಾ ಬೆಳಗ್ಗೆ ಎರಡು ರೊಟ್ಟಿ, ಪುಂಡಿಪಲ್ಯ, ಒಂದು ತಂಬಿಗೆ ಮಜ್ಜಿಗೆ ಒಯ್ದು ಮಂಟಪದಲ್ಲಿಟ್ಟು, ಕಂಬಕ್ಕೆ ಒರಗಿ ಕೂರುತ್ತಿದ್ದಳು. ಅವನು ಉಣ್ಣುವ ಮೊದಲು ಲಿಂಗಪೂಜೆ ಮಾಡುತ್ತಿದ್ದ. ಅದು ನಿಜವಾದ ಪೂಜೆಯೋ, ಆ ಕಾವಿಯವರ ಭಜನೆಯಂಥದ್ದೋ ಎಂದು ಅವಳು ಅವನ ತುಟಿ ನೋಡುತ್ತಿದ್ದಳು. ಪೆಟ್ಟಿಗೆಯಲ್ಲಿ ಹಾರೆ ಇರಲಿಲ್ಲ, ಸುತ್ತಿಗೆ ಇರಲಿಲ್ಲ. ಎಣ್ಣೆ ಸವರಿದಂಥ ತೆಳ್ಳನೆಯ ಕಾಗದ, ಸೀಸದ ಕಡ್ಡಿ, ಒಂದು ಗಡಿಗೆಯಲ್ಲಿ ಸುಣ್ಣ. ಸುಣ್ಣ ಕಂಡಾಗ ಅವಳು ಕಂಬ ಬಿಟ್ಟು ನೆಟ್ಟಗೆ ಕೂತಳು. ರೈಲುದಾರಿಗೆ ಜಲ್ಲಿ ಒಡೆಯುವವರು ಸಿಡಿಮದ್ದು ಇಡುವ ಬಂಡೆಗೆ ಮೊದಲು ಸುಣ್ಣದ ಗುರುತು ಹಾಕುವುದನ್ನು ಅವಳು ಹೊಸಪೇಟೆ ದಾರಿಯಲ್ಲಿ ನೋಡಿದ್ದಳು.

ಐದನೇ ದಿನ ಅವನು ಯಾರನ್ನೂ ಕೇಳದೆ, ಮೇಕೆಗಳು ನಡೆದ ಜಾಡು ಹಿಡಿದು ಗವಿ ಸೇರಿದ. ಹಿಂದೆಯೇ ಹೋದ ಹೊಳೆಮ್ಮ ಬಂಡೆಯ ಮರೆಯಲ್ಲಿ ಕೂತು ನೋಡಿದಳು. ಅವನು ಅರಿವೆಯ ಚೂರೊಂದನ್ನು ಒದ್ದೆ ಮಾಡಿ ಮೂರನೇ ಎತ್ತಿನ ಮೈಯನ್ನು ಒರೆಸುತ್ತಿದ್ದ. ಒದ್ದೆಯಾದ ಕಡೆ ಗೆರೆ ಹೊಳೆಯುತ್ತಿತ್ತು. ಅವಳಿಗೆ ಮಾತ್ರ ಎತ್ತನ್ನು ತೊಳೆದು ಹಾಕುತ್ತಿದ್ದಾನೆ ಅನ್ನಿಸಿತು. ಮೈಲಾರಲಿಂಗನ ಹೆಸರು ಬಾಯಿಗೆ ಬಂತು, ಕಾಲು ತಾವಾಗಿಯೇ ಮುಂದೆ ಹೋದವು. ಅವಳನ್ನು ಕಂಡು ಅವನು ಬೆಚ್ಚಲಿಲ್ಲ. ಸಿಟ್ಟಿನಲ್ಲಿದ್ದ.

"ನೋಡವ್ವಾ ಇಲ್ಲಿ," ಅಂದ. "ಸಾವಿರಾರು ವರ್ಷದ ಕೆಲಸ. ಅದರ ಮ್ಯಾಲೆ ಯಾರೋ ಹೊಸ ಜಾಜು ಬಳದು ಹಾಳ ಮಾಡ್ಯಾರ. ಯಾರ ಕೆಲಸ ಇದು?"

ಹೊಳೆಮ್ಮ ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು. ಗೊತ್ತಿಲ್ಲ ಅಂದಳು. ಅವನು ತನ್ನ ಯೋಚನೆಯನ್ನೆಲ್ಲ ಹೇಳಿದ. ನಕ್ಷೆ ಬರೆದು ಕಳಿಸುತ್ತಾನೆ. ಮಳೆಗಾಲ ಮುಗಿದ ಮೇಲೆ ದೊರೆ ಬಂದು ನೋಡುತ್ತಾರೆ. ಗವಿಯ ಬಾಯಿಗೆ ಕಲ್ಲುಕಂಬ ನೆಟ್ಟು, ತಂತಿ ಎಳೆದು, ಬೀಗ ಹಾಕಿಸುತ್ತಾರೆ. ಆಮೇಲೆ ಯಾರೂ ಒಳಗೆ ಕೈ ಇಡುವಂತಿಲ್ಲ. ಗವಿಯ ಬಾಯಿಯಲ್ಲಿ ಆಗಲೇ ಸುಣ್ಣದ ಬಾಣದ ಗುರುತೊಂದು ಹಸಿಯಾಗಿ ಇತ್ತು. ದೊರೆಗೆ ದಾರಿ ತಪ್ಪದಿರಲಿ ಎಂದು.

ಹಾರೆ ಹಿಡಿದು ಬಂದ ಕಳ್ಳನನ್ನು ಊರು ಕೂಡಿ ಓಡಿಸಬಹುದಿತ್ತು. ಬೀಗ ಹಿಡಿದು ಬರುವವನನ್ನು ಏನು ಮಾಡಬೇಕೆಂದು ಉಚ್ಚೆಂಗಮ್ಮ ಹೇಳಿಕೊಟ್ಟಿರಲಿಲ್ಲ.

ಸಂಜೆ ವಿಷಯ ತಿಳಿದ ಭರಮಣ್ಣ ಮೊದಲು ಅನುಮಾನಪಟ್ಟದ್ದು ಅವಳ ಮೇಲೆಯೇ. ಐದು ದಿನ ರೊಟ್ಟಿ ಉಣಿಸಿದವಳು ದಾರಿಯನ್ನೂ ಬಡಿಸಿರಬೇಕು ಅಂದ. ಪಕ್ಕದ ಮನೆಯ ಹೊನ್ನೂರಮ್ಮ, ಜಾಜಿನ ಬುಟ್ಟಿ ಹೊರುವುದು ಸಾಕಾಗಿ ಸರ್ಕಾರದ ಪಗಾರಕ್ಕೆ ಕೈಯೊಡ್ಡಿದ್ದಾಳೆ ಎಂದು ಬಾವಿಯ ಹತ್ತಿರ ಹೇಳಿಕೊಂಡು ನಕ್ಕಳು. ನೀರು ಸೇದುವ ಹಗ್ಗ ಹೊಳೆಮ್ಮನ ಕೈಗೆ ಬರುವಷ್ಟರಲ್ಲಿ ಬಾವಿಯ ಸುತ್ತ ಮಾತು ನಿಂತುಬಿಡುತ್ತಿತ್ತು.

"ಬೀಗ ಬಿದ್ದ ವರ್ಷ ನಮ್ಮ ಎತ್ತಿಗೆ ಏನರ ಆದ್ರ," ಭರಮಣ್ಣ ಅಂದ, "ನಿನ್ನ ಬಾಗಿಲಿಗೆ ತಂದು ಕಟ್ಟತೀವಿ, ಅತ್ತಿಗೆಮ್ಮ."

ಅವಳು ಗವಿಗೆ ಹೋಗಿ ಸುಣ್ಣದ ಗುರುತನ್ನು ತಿಕ್ಕಿ ತೊಳೆದಳು. ಮಾರನೇ ದಿನ ಅವನು ಮತ್ತೆ ಹಾಕಿದ. ಅವಳು ಮತ್ತೆ ತೊಳೆದಳು. ಜಾಜು ಬಳಿಯುವ ಪೋಕರಿಯೇ ಸುಣ್ಣವನ್ನೂ ತೊಳೆಯುತ್ತಿದ್ದಾನೆ, ಹಿಡಿಯದೆ ಬಿಡುವುದಿಲ್ಲ ಎಂದು ಅವನು ರೊಟ್ಟಿ ಮುರಿಯುತ್ತ ಅವಳಿಗೇ ಹೇಳಿದ. ಹೀಗೆ ಅವನು ಅವಳನ್ನು ಕಾಯುತ್ತಿದ್ದ, ಅವಳು ಅವನನ್ನು ಕಾಯುತ್ತಿದ್ದಳು. ಇಬ್ಬರ ನಡುವೆ ಒಂದು ತಂಬಿಗೆ ಮಜ್ಜಿಗೆ.

ಕಾರಹುಣ್ಣಿಮೆಗೆ ಐದು ದಿನ ಇರುವಾಗ ಹೊಳೆಮ್ಮನ ತಲೆಗೆ ಒಂದು ಯೋಚನೆ ಹೊಳೆಯಿತು. ದೊರೆಗೆ ಬೇಕಾದದ್ದು ಬಂಡೆಯ ಮೇಲಿನ ಒಂದು ಎತ್ತು ತಾನೆ? ಗವಿಯಿಂದ ಅರ್ಧ ಹರದಾರಿ ದೂರ, ಬಂಡಿದಾರಿಯ ಪಕ್ಕದಲ್ಲೇ, ಕರಡಿಬಂಡೆ ಎಂಬ ಒಂಟಿ ಬಂಡೆಯಿತ್ತು. ಅದಕ್ಕೆ ದೇವರೂ ಇರಲಿಲ್ಲ, ಹರಕೆಯೂ ಇರಲಿಲ್ಲ. ಅದರ ಮೇಲೊಂದು ಎತ್ತು ಸಿಕ್ಕರೆ, ಗವಿಯದಕ್ಕಿಂತ ಅದೇ ಹಳೆಯದು ಅಂದರೆ, ಬೀಗ ಅದಕ್ಕೇ ಬೀಳಲಿ.

ಮಟಮಟ ಮಧ್ಯಾಹ್ನ, ಬಿಸಿಲಿಗೆ ಹಟ್ಟಿಯ ನಾಯಿಯೂ ಹೊರಗೆ ಬಾರದ ಹೊತ್ತಿನಲ್ಲಿ, ಗುಮಾಸ್ತ ಮಂಟಪದಲ್ಲಿ ಅಡ್ಡಾದದ್ದನ್ನು ನೋಡಿಕೊಂಡು ಅವಳು ಬಟ್ಟಲು ಹಿಡಿದು ಹೋದಳು. ಬರಿಬಂಡೆಯ ಮುಂದೆ ನಿಂತಾಗ ಕೈ ಏಳಲಿಲ್ಲ. ಅನುಸರಿಸಲು ಅಲ್ಲಿ ಗೆರೆಯೇ ಇಲ್ಲ. ಗೆರೆಯಿಲ್ಲದ ಕಡೆ ಬೆರಳಿಡಬಾರದೆಂದು ಮೂವತ್ತು ವರ್ಷ ಪಾಲಿಸಿದವಳು ಅವಳು. ಇದು ತಪ್ಪೋ, ಸೇವೆಯೋ, ನೀನೇ ನೋಡಿಕೊ ಎಂದು ದೇವರಿಗೆ ಹೇಳಿ, ಕಣ್ಣು ಮುಚ್ಚಿ, ಬೆರಳು ಅದ್ದಿ, ಕೊಂಬಿನ ತುದಿ ಎಲ್ಲಿರಬೇಕೋ ಅಲ್ಲಿ ಮುಟ್ಟಿಸಿದಳು. ಬೆರಳು ತಾನಾಗಿ ಹೊರಟಿತು. ಹಣೆ, ಹಿಣಿಲು, ಬೆನ್ನು, ಬಾಲ. ಕಣ್ಣು ಬಿಟ್ಟಾಗ ಬಂಡೆಯ ಮೇಲೆ ಎತ್ತು ನಿಂತಿತ್ತು, ಗವಿಯ ಎತ್ತುಗಳ ತಮ್ಮನಂತೆ. ಹೊಳೆಮ್ಮನಿಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಕೈಗೆ ಸಿಕ್ಕ ಒಣಹುಲ್ಲು, ಮಣ್ಣು, ಸಗಣಿನೀರು ಎಲ್ಲ ತಿಕ್ಕಿ, ಅದನ್ನು ಮುದಿ ಮಾಡಿದಳು.

ಮಾರನೇ ದಿನ ರೊಟ್ಟಿಯ ಜೊತೆಗೆ ಆ ಸುದ್ದಿಯನ್ನೂ ಒಯ್ದಳು. ಸಣ್ಣವಳಿದ್ದಾಗ ನೋಡಿದ್ದು ನೆನಪಾಯಿತು, ಗವಿಯದಕ್ಕಿಂತ ಹಳೆಯದು, ತೋರಿಸುತ್ತೇನೆ ಅಂದಳು. ಇಷ್ಟು ದಿನ ಏನೂ ಗೊತ್ತಿಲ್ಲ ಅಂದವಳಿಗೆ ಈಗ ಹೇಗೆ ನೆನಪಾಯಿತು ಎಂದು ಅವನು ಕೇಳಲಿಲ್ಲ. ಕೇಳದಿದ್ದದ್ದೇ ಅವಳಿಗೆ ಸರಿ ಕಾಣಲಿಲ್ಲ.

ಕರಡಿಬಂಡೆಯ ಮುಂದೆ ಅವನು ಕುಕ್ಕರಗಾಲಲ್ಲಿ ಕೂತ. ಆಮೇಲೆ ಅರಿವೆ ಒದ್ದೆ ಮಾಡಿ ಎತ್ತಿನ ಬಾಲವನ್ನು ಒತ್ತಿದ. ಅರಿವೆ ಕೆಂಪಾಯಿತು. ಮೂಗಿಗೆ ಹಿಡಿದ. ಜಾಲಿ ಅಂಟಿನ ವಾಸನೆಯನ್ನು ಹೊಳೆಮ್ಮ ನಿಂತಲ್ಲಿಂದಲೇ ಗುರುತಿಸಿದಳು. ಅವನು ತಿರುಗಿ ಅವಳ ಸೆರಗನ್ನು ನೋಡಿದ, ಸೆರಗಿನಿಂದ ಹೊರಬಿದ್ದಿದ್ದ ಬೆರಳನ್ನು ನೋಡಿದ. ಭರಮಣ್ಣನನ್ನು ಕರೆಯುತ್ತಾನೆ, ಹೊಸಪೇಟೆಯಿಂದ ಪೊಲೀಸರನ್ನು ಕರೆಸುತ್ತಾನೆ ಎಂದು ಅವಳು ಕಾದಳು.

"ಯವ್ವಾ, ಕೊಂಬಿನ ತುದಿಯಿಂದ ಶುರು ಮಾಡಿದಿಯೇನು?" ಅಂದ.

ಅವಳು ಬೆರಳನ್ನು ಮತ್ತೆ ಸೆರಗಿನೊಳಗೆ ಎಳೆದುಕೊಂಡಳು.

"ನಾನು ಆ ಗವ್ಯಾಗ ಕುಂತು ಮೂತಿಯಿಂದ ಎಳದು ಎಳದು ಸೋತೀನಿ. ಹಿಣಿಲು ಸರಿ ಕೂಡತಿದ್ದಿಲ್ಲ. ಎಲ್ಲಿ ಕಲ್ತಿ ಇದನ್ನ?"

"ಕಲ್ತಿಲ್ರಿ. ಅತ್ತಿ ತೋರಿಸಿದ ಗೆರಿ ಮ್ಯಾಲೆ ಮೂವತ್ತು ವರ್ಷ ಬೆರಳು ನಡಿಸೀನಿ. ಅಷ್ಟರಿ." ಇನ್ನು ಮುಚ್ಚಿಡುವುದಕ್ಕೆ ಏನೂ ಇರಲಿಲ್ಲ. ಹೊಳೆಮ್ಮ ಕೈಯನ್ನು ಸೆರಗಿನಿಂದ ಹೊರಗೆ ತೆಗೆದಳು. "ನೀವು ಹಾಳ ಮಾಡ್ಯಾರ ಅಂತೀರಿ. ನಾವು ಮುಟ್ಟದಿದ್ರ ಅವು ಇಷ್ಟೊತ್ತಿಗೆ ಕಲ್ಲಿನೊಳಗ ಹೋಗಿಬಿಡ್ತಿದ್ವು. ಬೀಗ ಹಾಕಿದ್ರ ಕಾರಹುಣ್ವಿ ದಿನ ನಾನೆಲ್ಲಿ ಹೋಗ್ಲಿ? ಊರ ಎತ್ತೆಲ್ಲ ಬರಿ ಕೊಂಬಿಲೆ ನಿಂದ್ರತಾವ."

ಅವನು ಕೆಂಪಾದ ಅರಿವೆಯನ್ನು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಯಲ್ಲಿಟ್ಟ. "ಬರದು ಕಳಿಸೋದು ನನ್ನ ಕೆಲಸ. ಬೀಗ ಹಾಕೋದು ದೊರಿ ಕೆಲಸ," ಅಂದ.

ಅದು ಉತ್ತರವಲ್ಲ ಎಂದು ಅವಳಿಗೆ ಗೊತ್ತಿತ್ತು. ಕೆಂಪು ಅರಿವೆಯನ್ನು ಸಾಕ್ಷಿಗೆ ಇಟ್ಟುಕೊಂಡ ಎಂದೇ ಅವಳು ತಿಳಿದಳು.

ಹುಣ್ಣಿಮೆಗೆ ಎರಡು ದಿನ ಮೊದಲು ಅವನು ಹೊರಟುಹೋದ. ಬಂಡಿ ಹತ್ತುವಾಗ ಭರಮಣ್ಣನಿಗೆ ಕೈಮುಗಿದ, ಹೊಳೆಮ್ಮನ ಕಡೆ ನೋಡಲಿಲ್ಲ. ಹುಣ್ಣಿಮೆಯ ಬೆಳಗ್ಗೆ ಅವಳು ಗವಿಗೆ ಹೋದಾಗ ಬಾಯಿಯಲ್ಲಿದ್ದ ಸುಣ್ಣದ ಗುರುತು ಇರಲಿಲ್ಲ. ಆ ಸಲ ತೊಳೆದವಳು ಅವಳಲ್ಲ. ಮಳೆಯೂ ಬಂದಿರಲಿಲ್ಲ. ಅವಳು ಎತ್ತುಗಳನ್ನು ಎರಡು ಸಲ ಎಣಿಸಿದಳು, ಹನ್ನೊಂದಿದ್ದವು. ಕಾಗದಕ್ಕೆ ಇಳಿದ ಎತ್ತು ಬಂಡೆಯ ಮೇಲೆ ಬಡವಾಗಿರಬಹುದೆಂದು ಒಂದೊಂದರ ಗೆರೆಯನ್ನೂ ಮುಟ್ಟಿ ಮುಟ್ಟಿ ನೋಡಿ, ಆಮೇಲೆ ಜಾಜು ಎಳೆದಳು.

ದೀಪಾವಳಿ ಕಳೆದ ಮೇಲೆ ದೊರೆ ನಿಜವಾಗಿಯೂ ಬಂದರು. ಕಂಪ್ಲಿಯವರೆಗೆ ಮೋಟಾರಿನಲ್ಲಿ, ಅಲ್ಲಿಂದ ಕುದುರೆಯ ಮೇಲೆ. ಜೊತೆಗೆ ಬೇರೆ ಗುಮಾಸ್ತ, ಇಬ್ಬರು ಜವಾನರು. ಕೊಟ್ರಬಸಪ್ಪ ಇರಲಿಲ್ಲ. ಹಟ್ಟಿಯವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ಭರಮಣ್ಣ ಅತ್ತಿಗೆಯನ್ನು ನೋಡಿದ. ದೊರೆಯ ಕೈಯಲ್ಲಿ ನಕ್ಷೆಯಿತ್ತು. ಅವರು ಯಾರನ್ನೂ ಏನೂ ಕೇಳದೆ, ಗುಡ್ಡದ ಕಡೆ ತಿರುಗದೆ, ಬಂಡಿದಾರಿ ಹಿಡಿದು ನೇರ ಕರಡಿಬಂಡೆಗೆ ಹೋದರು. ಬಂಡೆಯ ಬುಡದಲ್ಲಿ ಸುಣ್ಣದ ಬಾಣವೊಂದಿತ್ತು. ಅದನ್ನು ಯಾವಾಗ ಹಾಕಿದ್ದನೋ, ಮಳೆಗೆ ಅರ್ಧ ತೊಳೆದುಹೋಗಿತ್ತು. ಒಂದು ಮಳೆಗಾಲ ಕಂಡ ಎತ್ತೂ ಅಷ್ಟೇ ಮಾಸಿತ್ತು. ದೊರೆ ಬಿಸಿಲಿಗೆ ಟೋಪಿ ಓರೆ ಮಾಡಿ ನೋಡಿ, ಏನೋ ಬರೆಸಿ, ಕುದುರೆ ಹತ್ತಿದರು. ತಿಂಗಳೊಳಗೆ ನಾಲ್ಕು ಕಲ್ಲುಕಂಬ ಬಂದವು, ತಂತಿ ಬಂತು, ಇಂಗ್ಲಿಷ್ ಅಕ್ಷರದ ಕಬ್ಬಿಣದ ಹಲಗೆ ಬಂತು.

ಸರ್ಕಾರ ಮೋಸಹೋಯಿತೆಂದು ಹಟ್ಟಿಯವರು ವಾರಗಟ್ಟಲೆ ನಕ್ಕರು. ಹೊನ್ನೂರಮ್ಮ ತಾನೇ ಬಂದು ಎರಡು ಹೆಂಟೆ ಜಾಜು ಕೊಂಡಳು. ಹೊಳೆಮ್ಮ ಮಾತ್ರ ನಗಲಿಲ್ಲ. ಅವನು ತಪ್ಪಿ ಬರೆದನೋ, ಬೇಕೆಂದೇ ಬರೆದನೋ? ಬೇಕೆಂದೇ ಬರೆದಿದ್ದರೆ ಅದು ತನ್ನ ಮೇಲಿನ ದಯೆಗೋ, ಗವಿಯನ್ನು ತನಗೇ ಇಟ್ಟುಕೊಂಡು ಇನ್ನೊಂದು ಸಲ ಬರುವುದಕ್ಕೋ? ಆ ಕೆಂಪು ಅರಿವೆ ಇನ್ನೂ ಅವನ ಪೆಟ್ಟಿಗೆಯಲ್ಲಿ ಇರುತ್ತದೆ. ಹೊಸಪೇಟೆಗೆ ಜಾಜು ಹೊತ್ತು ಹೋದಾಗಲೆಲ್ಲ ಅವಳು ರೈಲಿಳಿದು ಬರುವವರ ಕೈಯಲ್ಲಿ ತಗಡಿನ ಪೆಟ್ಟಿಗೆ ಇದೆಯೇ ಎಂದು ನೋಡುತ್ತಿದ್ದಳು. ಎಷ್ಟೋ ಪೆಟ್ಟಿಗೆಗಳು ಇಳಿದವು. ಅವನು ಇಳಿಯಲಿಲ್ಲ.

ವರ್ಷಗಳು ಕಳೆದವು. ಕರಡಿಬಂಡೆಯ ದಾರಿಯಲ್ಲಿ ದನ ಹೊಡೆದುಕೊಂಡು ಹೋಗುವ ಪರ ಊರಿನವರು, ಸರ್ಕಾರವೇ ಕಾವಲಿಟ್ಟ ಎತ್ತು ಸಾಮಾನ್ಯದ್ದಲ್ಲ ಎಂದು ತಂತಿಯ ಹತ್ತಿರ ಕಾಯಿ ಒಡೆಯತೊಡಗಿದರು. ಯಾರೋ ಹರಕೆ ಹೊತ್ತರು, ಯಾರದೋ ಹಸು ಸುಖವಾಗಿ ಈಯಿತು. ಹೊಳೆಮ್ಮ ಆ ದಾರಿ ಬಂದಾಗ ಮುಖ ತಿರುಗಿಸಿ ನಡೆಯುತ್ತಿದ್ದಳು. ದೇವರ ಹೆಸರಲ್ಲಿ ಸುಳ್ಳು ಬರೆದವಳಿಗೆ ಆ ಕಾಯಿಯ ಸದ್ದು ಬೆನ್ನಿಗೆ ಬಡಿಯುತ್ತಿತ್ತು.

ಕೊನೆಗೊಂದು ವರ್ಷ, ಮೊಣಕಾಲು ಸೋತ ಮೇಲೆ, ಸೊಸೆ ಚೆನ್ನಬಸಮ್ಮನನ್ನು ಕರೆದುಕೊಂಡು ಗವಿಗೆ ಹೋದಳು. ಅವಳಿಗೂ ಎರಡು ಕೂಸಾಗಿದ್ದವು. ಗೆರೆಯ ಮೇಲೆ ಬೆರಳು, ಗೆರೆಯ ಹೊರಗೆ ಬೆರಳಿಲ್ಲ. ಸೊಸೆ ಹನ್ನೊಂದನ್ನೂ ಎಳೆದು ಮುಗಿಸಿದಳು. ಕೆಳಗಿಳಿದು ಬರುವಾಗ ಕರಡಿಬಂಡೆ ಕಾಣಿಸಿತು.

"ಅತ್ತಿ, ಅದಕ್ಕೂ ಹಚ್ಚಬೇಕೇನು?" ಅಂದಳು ಚೆನ್ನಬಸಮ್ಮ. "ಅದೂ ಎತ್ತಲ್ಲೇನು ಮತ್ತ?"

ಹೊಳೆಮ್ಮ ಕೋಲು ಊರಿ ನಿಂತಳು. ಆಮೇಲೆ ಬಟ್ಟಲನ್ನು ಸೊಸೆಯ ಕೈಯಿಂದ ತೆಗೆದುಕೊಂಡು ತಾನೇ ಹೋದಳು. ಗವಿಗೆ ಬೀಳಬೇಕಾಗಿದ್ದ ತಂತಿ ಬಂಡೆಗೆ ಒತ್ತಿಕೊಂಡೇ ಎದೆಯೆತ್ತರಕ್ಕೆ ನಿಂತಿತ್ತು. ಅದರ ಸಂದಿಯಲ್ಲಿ ತೋಳು ತೂರಿಸಿದಳು. ಮುಂಗೈಗೆ ತಂತಿಯ ಮುಳ್ಳು ಗೀಚಿತು. ಬೆರಳು ಕೊಂಬಿನ ತುದಿಯನ್ನು ಹುಡುಕಿ ಮುಟ್ಟಿತು. ಹಣೆ, ಹಿಣಿಲು, ಬೆನ್ನು, ಬಾಲ. ನಡುವೆ ಬೆರಳೆತ್ತಲಿಲ್ಲ. ತಪ್ಪಿದ್ದರೆ ಅದು ಬರೆದವಳದು, ಎತ್ತಿನದಲ್ಲ ಎಂದು ದೇವರಿಗೆ ಹೇಳಿದಳು.

ಮುಗಿದ ಮೇಲೆ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು, ಹೊಸಪೇಟೆಯ ದಾರಿಯ ಕಡೆ ಒಮ್ಮೆ ನೋಡಿದಳು. ದೂರದಲ್ಲಿ ಧೂಳು ಎದ್ದಿತ್ತು. ದನವೋ, ಬಂಡಿಯೋ ತಿಳಿಯಲಿಲ್ಲ. ಬಟ್ಟಲಲ್ಲಿ ಉಳಿದ ಜಾಜು ಒಣಗುತ್ತದೆ, ಹಟ್ಟಿಯ ಎತ್ತುಗಳು ಕಾಯುತ್ತಿವೆ, ಜಲ್ದಿ ನಡಿ ಎಂದು ಸೊಸೆಗೆ ಹೇಳಿದಳು.